ಅಸ್ಯಾಸಿನ್ಸ್ ಕ್ರೀಡ್ ಕ್ರಾನಿಕಲ್ಸ್: ಇಂಡಿಯಾ

ಅಸ್ಯಾಸಿನ್ಸ್ ಕ್ರೀಡ್ ಕ್ರಾನಿಕಲ್ಸ್: ಇಂಡಿಯಾ ಎಂಬುದು 2016ರ ಜನವರಿ 12ರಂದು ಬಿಡುಗಡೆಯಾದ ಒಂದು ವಿಡಿಯೊ ಗೇಮ್. ಇಂಗ್ಲೆಂಡಿನ ಪೋರ್ಟ್ಸ್‌ಮತ್ ನಗರದ ಕ್ಲೈಮ್ಯಾಕ್ಸ್ ಸ್ಟುಡಿಯೋಸ್ ಸಂಸ್ಥೆಯು ಇದನ್ನು ನಿರ್ಮಿಸಿದ್ದು, ಫ್ರಾನ್ಸ್ ದೇಶದ ಯೂಬಿಸಾಫ್ಟ್ ಸಂಸ್ಥೆಯು ಪ್ರಕಟಿಸಿದೆ. 2007ರಲ್ಲಿ ಆರಂಭವಾದ ಅಸ್ಯಾಸಿನ್ಸ್ ಕ್ರೀಡ್ ಸರಣಿಯ ಉಪಸರಣಿಯಾದ ‘ಕ್ರಾನಿಕಲ್ಸ್’ ತ್ರಿವಳಿಯಲ್ಲಿ ಇದು ಎರಡನೆಯದು. ಮೊದಲನೆಯದು ಚೀನಾ ದೇಶವನ್ನೂ ಮೂರನೆಯದು ರಷ್ಯಾವನ್ನೂ ಕುರಿತವು. ಕ್ರಿ.ಶ. 1841ರ ಸಿಖ್ ಸಾಮ್ರಾಜ್ಯದಲ್ಲಿ ನಡೆಯುವ ಈ ಆಟದ ನಾಯಕನ ಹೆಸರು ಅರ್ಬಾಜ್ ಮೀರ್.

ಜಗತ್ತಿನಾದ್ಯಂತ ಹೆಸರು ಮಾಡಿದ ಸರಣಿಯೊಂದು ಭಾರತವನ್ನು ಕಥಾಭೂಮಿಯಾಗಿ ಆರಿಸಿಕೊಂಡಿದೆ ಎಂಬ ಸುದ್ದಿ ಈ ದೇಶದ ಆಟಗಾರರಲ್ಲಿ ದೊಡ್ಡ ನಿರೀಕ್ಷೆಯನ್ನು ಹುಟ್ಟಿಸಿತ್ತು. ಬಂದ ಕೃತಿಯು ಚಿತ್ರಕಲೆಯಿಂದ ಕಣ್ಣಿಗೆ ಹಬ್ಬವಾದರೂ ಆಟವಾಗಿ ಸಾಧಾರಣವೆನಿಸಿತು. ವಿಮರ್ಶಕರ ಪ್ರತಿಕ್ರಿಯೆಯು ಮಿಶ್ರವಾಗಿತ್ತು. ಸರಣಿಯ ದುರ್ಬಲ ಕೃತಿಗಳ ಮಾತು ಬಂದಾಗ ಇದರ ಹೆಸರೂ ಬರುತ್ತದೆ.

ಆಟದ ಪ್ರಕಾರ

ಎದುರಾಳಿಯ ಕಣ್ಣಿಗೆ ಬೀಳದೆ, ಕಿವಿಗೆ ಕೇಳಿಸದೆ, ಹೋಗಬೇಕಾದಲ್ಲಿಗೆ ಹೋಗಿ ಬರುವುದೇ ಗುರಿಯಾಗಿರುವ ವಿಡಿಯೊ ಗೇಮುಗಳನ್ನು ಸ್ಟೆಲ್ತ್ ಗೇಮ್ ಎನ್ನುತ್ತಾರೆ. ಸಾಮಾನ್ಯ ಯುದ್ಧದ ಆಟದಲ್ಲಿ ಎಷ್ಟು ಜನರನ್ನು ಹೊಡೆದುರುಳಿಸಿದೆ ಎಂಬುದು ಲೆಕ್ಕ. ಇಲ್ಲಿ ಎಷ್ಟು ಜನರ ಪಕ್ಕದಲ್ಲಿಯೇ ಹಾದುಹೋಗಿ ಸುಳಿವು ಕೊಡದೆ ಉಳಿದೆ ಎಂಬುದು ಲೆಕ್ಕ. ಕಣ್ಣಾಮುಚ್ಚಾಲೆ ಆಡಿದ ಯಾವ ಮಗುವಿಗೂ ಇದರ ಮರ್ಮ ತಿಳಿದೇ ಇರುತ್ತದೆ. ಬಾಗಿಲ ಸಂದಿಯಲ್ಲಿ ನಿಂತವನಿಗೆ ತನ್ನ ಉಸಿರೇ ದೊಡ್ಡದಾಗಿ ಕೇಳಿಸುವ ಆ ಕ್ಷಣವೇ ಈ ಪ್ರಕಾರದ ಜೀವಾಳ.

1981ರ ‘ಕ್ಯಾಸಲ್ ವುಲ್ಫೆನ್‌ಸ್ಟೈನ್’, 1987ರ ‘ಮೆಟಲ್ ಗಿಯರ್’ ಎಂಬ ಆಟಗಳಲ್ಲಿ ಇದರ ಮೊಳಕೆಗಳಿದ್ದವು. 1998ರಲ್ಲಿ ‘ತೆಂಚು’, ‘ಮೆಟಲ್ ಗಿಯರ್ ಸಾಲಿಡ್’ ಮತ್ತು ‘ಥೀಫ್: ದ ಡಾರ್ಕ್ ಪ್ರಾಜೆಕ್ಟ್’ ಎಂಬ ಮೂರು ಆಟಗಳು ಒಂದೇ ವರ್ಷದಲ್ಲಿ ಬಂದ ಮೇಲೆ ಇದು ಸ್ವತಂತ್ರ ಪ್ರಕಾರವಾಗಿ ನೆಲೆಗೊಂಡಿತು. ‘ಥೀಫ್’ ಆಟದಲ್ಲಿ ಹಾಸುಗಂಬಳಿಯ ಮೇಲೆ ಇಟ್ಟ ಹೆಜ್ಜೆಗೂ ಲೋಹದ ನೆಲದ ಮೇಲೆ ಇಟ್ಟ ಹೆಜ್ಜೆಗೂ ಬೇರೆಬೇರೆ ಸದ್ದಿತ್ತು; ಪಂಜನ್ನು ನೀರಿನ ಬಾಣದಿಂದ ಆರಿಸಿ ಕತ್ತಲನ್ನು ಸೃಷ್ಟಿಸಿಕೊಳ್ಳಬಹುದಿತ್ತು.

ಇದು ಪಾಶ್ಚಾತ್ಯರ ಹೊಸ ಕಲ್ಪನೆಯೆಂದು ತಿಳಿಯಬೇಕಾಗಿಲ್ಲ. ಶೂದ್ರಕನ ‘ಮೃಚ್ಛಕಟಿಕ’ ನಾಟಕದ ಮೂರನೆಯ ಅಂಕದಲ್ಲಿ ಶರ್ವಿಲಕನು ಚಾರುದತ್ತನ ಮನೆಗೆ ಕನ್ನ ಹಾಕುವ ಸನ್ನಿವೇಶವನ್ನು ಓದಿದವರಿಗೆ ಸ್ಟೆಲ್ತ್ ಆಟದ ಎಲ್ಲ ನಿಯಮಗಳೂ ಅಲ್ಲಿ ಸಿಗುತ್ತವೆ. ಅವನು ಗೋಡೆಯ ಯಾವ ಭಾಗ ನೀರು ಕುಡಿದು ಸಡಿಲವಾಗಿದೆಯೆಂದು ನೋಡುತ್ತಾನೆ. ಜನಿವಾರವನ್ನೇ ಅಳತೆಯ ದಾರ ಮಾಡಿಕೊಳ್ಳುತ್ತಾನೆ. ಬಾಗಿಲು ಕಿರುಗುಟ್ಟದಿರಲೆಂದು ನೀರು ಚಿಮುಕಿಸುತ್ತಾನೆ. ಮಲಗಿದವರು ನಿಜವಾಗಿ ನಿದ್ರಿಸುತ್ತಿದ್ದಾರೆಯೋ ನಟಿಸುತ್ತಿದ್ದಾರೆಯೋ ಎಂದು ಪರೀಕ್ಷಿಸುತ್ತಾನೆ. ದೀಪವನ್ನು ಆರಿಸಲು ಒಂದು ಹುಳುವನ್ನು ಹಾರಿಬಿಡುತ್ತಾನೆ. ಬೆಳಕು, ಸದ್ದು, ಕಾವಲುಗಾರನ ಎಚ್ಚರ ಈ ಮೂರನ್ನೂ ಅಳೆದು ನೋಡಿ ಉಪಾಯ ಹೂಡುವ ಸ್ವಾತಂತ್ರ್ಯವು ಶರ್ವಿಲಕನಿಗಿತ್ತು. ಪ್ರಸ್ತುತ ಆಟದ ಸೋಲನ್ನು ತಿಳಿಯಲು ಈ ‘ಸ್ವಾತಂತ್ರ್ಯ’ ಎಂಬ ಮಾತನ್ನು ನೆನಪಿನಲ್ಲಿಡುವುದು ಅಗತ್ಯ.

ಸರಣಿಯ ಹಿನ್ನೆಲೆ

ಅಸ್ಯಾಸಿನ್ಸ್ ಕ್ರೀಡ್ ಸರಣಿಯ ಮೊದಲ ಆಟವು 2007ರ ನವೆಂಬರಿನಲ್ಲಿ ಬಂದಿತು. ಅದು 1191ರ ಮೂರನೆಯ ಧರ್ಮಯುದ್ಧದ ಕಾಲದಲ್ಲಿ, ಜೆರುಸಲೇಮ್, ಡಮಾಸ್ಕಸ್ ಮತ್ತು ಏಕರ್ ನಗರಗಳಲ್ಲಿ ನಡೆಯುತ್ತದೆ. ಇರಾನಿನ ಅಲಮೂತ್ ಕೋಟೆಯನ್ನು ಕೇಂದ್ರವಾಗಿಟ್ಟುಕೊಂಡಿದ್ದ ನಿಜಾರಿ ಇಸ್ಮಾಯಿಲಿಗಳ ಕುರಿತ ದಂತಕಥೆಗಳು, ಅವುಗಳನ್ನು ಆಧರಿಸಿ ಸ್ಲೊವೇನಿಯಾದ ವ್ಲಾದಿಮಿರ್ ಬಾರ್ತೊಲ್ 1938ರಲ್ಲಿ ಬರೆದ ‘ಅಲಮೂತ್’ ಕಾದಂಬರಿ ಇದಕ್ಕೆ ಪ್ರೇರಣೆ. ಕಲ್ಪನೆಯ ಚೌಕಟ್ಟು ಸರಳವಾದುದು: ಮನುಷ್ಯನ ಸ್ವಾತಂತ್ರ್ಯವನ್ನು ಬಯಸುವ ‘ಅಸ್ಯಾಸಿನ್’ ಪಂಥಕ್ಕೂ, ಜಗತ್ತನ್ನು ಶಿಸ್ತಿನ ಹೆಸರಿನಲ್ಲಿ ಹಿಡಿತದಲ್ಲಿಡಬಯಸುವ ‘ಟೆಂಪ್ಲರ್’ ಪಂಥಕ್ಕೂ ಯುಗಯುಗಾಂತರಗಳಿಂದ ಗುಪ್ತ ಹೋರಾಟ ನಡೆದಿದೆ. ಇಂದಿನ ಕಾಲದ ಮನುಷ್ಯನು ಒಂದು ಯಂತ್ರದ ಸಹಾಯದಿಂದ ಪೂರ್ವಿಕರ ನೆನಪುಗಳನ್ನು ಪ್ರವೇಶಿಸಿ ಅದನ್ನು ಕಾಣುತ್ತಾನೆ. ಪ್ರತಿ ಆಟದ ಆರಂಭದಲ್ಲಿ, ಇದನ್ನು ವಿವಿಧ ಮತವಿಶ್ವಾಸಗಳ ಬಹುಸಂಸ್ಕೃತಿಯ ತಂಡವೊಂದು ರಚಿಸಿದೆ ಎಂಬ ಅರ್ಥದ ಸೂಚನೆ ಬರುವುದು ಸರಣಿಯ ವಾಡಿಕೆ.

ಈ ಸರಣಿಯ ಹಿರಿಮೆಯು ಜನಸಂದಣಿಯಲ್ಲಿತ್ತು. ಸಂತೆ, ಬೀದಿ, ಮಾಳಿಗೆಗಳಿಂದ ತುಂಬಿದ ಇಡೀ ನಗರವನ್ನೇ ನಿರ್ಮಿಸಿ, ಆಟಗಾರನು ಜನರ ನಡುವೆ ಒಬ್ಬನಾಗಿ ಮರೆಯಾಗುವಂತೆ ಮಾಡಿದ್ದು ಅದರ ಹೊಸತನ. ಆಟಗಾರರು ಫ್ಲಾರೆನ್ಸ್, ವೆನಿಸ್, ಇಸ್ತಾಂಬುಲ್ ನಗರಗಳ ಗಲ್ಲಿಗಳನ್ನು ತಮ್ಮೂರಿನ ಗಲ್ಲಿಗಳಂತೆ ಬಲ್ಲವರಾದರು. ಇತಿಹಾಸವನ್ನು ಪಠ್ಯಪುಸ್ತಕದಲ್ಲಿ ಓದಲು ಬೇಸರಪಡುತ್ತಿದ್ದ ಹುಡುಗರು ಮೆದಿಚಿ ಮನೆತನದ ಬಗ್ಗೆ ಪ್ರಶ್ನೆ ಕೇಳತೊಡಗಿದ್ದನ್ನು ಕಂಡ ಉಪಾಧ್ಯಾಯರು ಹುಬ್ಬಳ್ಳಿ-ಧಾರವಾಡದಲ್ಲಿಯೂ ಇದ್ದಾರೆ.

2014ರ ನವೆಂಬರಿನಲ್ಲಿ ಬಂದ ‘ಯೂನಿಟಿ’ ಎಂಬ ಕಂತು ತಾಂತ್ರಿಕ ದೋಷಗಳಿಂದ ಅಪಹಾಸ್ಯಕ್ಕೆ ಗುರಿಯಾಯಿತು. ಪ್ರಕಾಶಕರು ಮುಂಗಡ ಚಂದಾ ಮಾರಾಟವನ್ನು ನಿಲ್ಲಿಸಿ, ಹೆಚ್ಚುವರಿ ಅಧ್ಯಾಯವೊಂದನ್ನು ಉಚಿತವಾಗಿ ನೀಡಿ ಕ್ಷಮೆ ಕೇಳಬೇಕಾಯಿತು. ಚೀನಾ ಕುರಿತ ಕ್ರಾನಿಕಲ್ಸ್ ಆಟವು ಮೊದಲು ಆ ಚಂದಾದ ಭಾಗವಾಗಿಯೇ ಘೋಷಿತವಾಗಿತ್ತು. 2015ರ ಮಾರ್ಚ್ ಕೊನೆಯಲ್ಲಿ ಅದನ್ನು ಮೂರು ಆಟಗಳ ಗುಚ್ಛವಾಗಿ ವಿಸ್ತರಿಸಲಾಗುವುದೆಂದು ಪ್ರಕಟಿಸಲಾಯಿತು. ಅಂದರೆ ‘ಇಂಡಿಯಾ’ ಹುಟ್ಟಿದ್ದು ಭಾರತವನ್ನು ಕುರಿತು ಒಂದು ದೊಡ್ಡ ಕೃತಿಯನ್ನು ರಚಿಸಬೇಕೆಂಬ ಹಂಬಲದಿಂದಲ್ಲ. ಈಗಾಗಲೇ ಸಿದ್ಧವಾಗಿದ್ದ ಅಚ್ಚಿನಲ್ಲಿ ಎರಕ ಹೊಯ್ಯಬಹುದಾದ ಎರಡನೆಯ ವಿಗ್ರಹವಾಗಿ. ಬಿಡುಗಡೆಯಾದಾಗ ಬೆಲೆಯೂ ಅದಕ್ಕೆ ತಕ್ಕಂತೆ ಸುಮಾರು 10 ಡಾಲರ್ ಮಾತ್ರ ಇತ್ತು. ಮುಖ್ಯ ಸರಣಿಯ ಆಟಗಳು ಆಗ ಅದರ ಆರು ಪಟ್ಟು ಬೆಲೆಯವಾಗಿದ್ದವು.

ನಾಯಕನ ಪೂರ್ವಕಥೆ

ಕ್ರಾನಿಕಲ್ಸ್‌ನ ಮೂವರು ನಾಯಕರೂ ಬೇರೆ ಮಾಧ್ಯಮಗಳಿಂದ ಎರವಲು ಬಂದವರು. ಚೀನಾದ ಶಾವೊ ಜುನ್ 2011ರ ‘ಎಂಬರ್ಸ್’ ಎಂಬ ಅನಿಮೇಷನ್ ಕಿರುಚಿತ್ರದಿಂದಲೂ, ರಷ್ಯಾದ ನಿಕೊಲಾಯ್ ಒರೆಲೊವ್ 2010ರ ‘ದ ಫಾಲ್’ ಚಿತ್ರಕಥೆಯಿಂದಲೂ ಬಂದರು. ಅರ್ಬಾಜ್ ಮೀರ್ ಮೊದಲು ಕಾಣಿಸಿಕೊಂಡದ್ದು 2013ರ ‘ಬ್ರಹ್ಮನ್’ ಎಂಬ ಸಚಿತ್ರ ಕಾದಂಬರಿಯಲ್ಲಿ. ಕಾರ್ಲ್ ಕರ್ಶಲ್, ಕ್ಯಾಮರಾನ್ ಸ್ಟೂವರ್ಟ್ ಮತ್ತು ಬ್ರೆಂಡನ್ ಫ್ಲೆಚರ್ ಅದರ ಕರ್ತೃಗಳು. ಮಹಾರಾಜ ರಣಜಿತ್ ಸಿಂಹನ ಅಂತ್ಯಕಾಲದ ಅಮೃತಸರ, ಇಂದಿನ ಮುಂಬಯಿ ಎಂಬ ಎರಡು ಕಾಲಗಳಲ್ಲಿ ಅದರ ಕಥೆ ಸಾಗುತ್ತದೆ. ಇಂದಿನ ಕಾಲದ ಭಾಗದಲ್ಲಿ ಟೆಂಪ್ಲರರ ಕೈಗೊಂಬೆಯಾದ ಭಾರತೀಯ ತಂತ್ರಜ್ಞಾನ ಕಂಪನಿಯೊಂದು ಬರುತ್ತದೆ. ಅದರ ಹೆಸರು ‘ಮೈಸೂರ್‌ಟೆಕ್’. ಈ ಇಡೀ ಸರಣಿಯಲ್ಲಿ ಕನ್ನಡನಾಡಿಗೆ ದೊರೆತ ಗೌರವವೋ ಅಗೌರವವೋ ಎಂದು ಓದುಗರೇ ನಿರ್ಧರಿಸಬಹುದು.

ಸಚಿತ್ರ ಕಾದಂಬರಿಯ ಅರ್ಬಾಜನು ಪ್ರೀತಿಗೂ ಕರ್ತವ್ಯಕ್ಕೂ ನಡುವೆ ಸಿಲುಕಿದ, ಒಂದಿಷ್ಟು ತುಂಟತನವುಳ್ಳ ಮನುಷ್ಯ. ರಣಜಿತ್ ಸಿಂಹನ ಮೊಮ್ಮಗಳೆಂದು ಕಲ್ಪಿಸಲಾದ ಪ್ಯಾರಾ ಕೌರ್ ಅವನ ಪ್ರೇಯಸಿ. ಮಾತು ಬಾರದ ರಜಾ ಸೂರಾ ಅವನ ಸಂಗಾತಿ. ಆಟದಲ್ಲಿ ಈ ಪಾತ್ರಗಳ ಹೆಸರು ಉಳಿದವು, ಮಾಂಸ ಉಳಿಯಲಿಲ್ಲ.

ಕಥಾವಸ್ತು

1841. ರಣಜಿತ್ ಸಿಂಹನು ತೀರಿಕೊಂಡು ಎರಡು ವರ್ಷಗಳಾಗಿವೆ. ಅರ್ಬಾಜನ ಗುರು ಹಮೀದ್‌ನ ವಶದಲ್ಲಿದ್ದ ಕೊಹಿನೂರ್ ವಜ್ರವು ಟೆಂಪ್ಲರರ ಪಾಲಾಗುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಅಧಿಕಾರಿಯ ವೇಷದಲ್ಲಿರುವ ಟೆಂಪ್ಲರ್ ನಾಯಕ ವಿಲಿಯಂ ಸ್ಲೀಮನ್, ಪ್ರಾಚೀನ ನಾಗರಿಕತೆಯೊಂದು ಬಿಟ್ಟುಹೋದ ಪೆಟ್ಟಿಗೆಯ ರಹಸ್ಯವನ್ನು ಬಿಡಿಸಲು ಹೊರಟಿದ್ದಾನೆ. ಅಮೃತಸರದ ಅರಮನೆಯಿಂದ ಹೊರಟು ಅಫ್ಘಾನಿಸ್ತಾನದವರೆಗೆ ಅರ್ಬಾಜನು ಅವನನ್ನು ಬೆನ್ನಟ್ಟುತ್ತಾನೆ. ನಡುವೆ ಪ್ಯಾರಾಳ ಪ್ರಾಣವೂ ಅಪಾಯಕ್ಕೆ ಸಿಲುಕುತ್ತದೆ. ಮುಖ್ಯ ಎಳೆ ಇಷ್ಟೇ. ಒಂದು ಹಂತಕ್ಕೂ ಇನ್ನೊಂದಕ್ಕೂ ನಡುವೆ ಬರುವ ಚಿತ್ರಪಟಗಳು ಮತ್ತು ಕೆಲವೇ ಮಾತುಗಳು ಕಥೆಯನ್ನು ಮುಂದೆ ದೂಡುತ್ತವೆ.

ಆಟದ ಕ್ರಮ

ಮುಖ್ಯ ಸರಣಿಯಲ್ಲಿ ಆಟಗಾರನು ನಾಯಕನ ಬೆನ್ನ ಹಿಂದಿನಿಂದ ಜಗತ್ತನ್ನು ನೋಡುತ್ತಾನೆ, ಯಾವ ದಿಕ್ಕಿಗಾದರೂ ನಡೆಯಬಲ್ಲನು. ಕ್ರಾನಿಕಲ್ಸ್ ಆಟಗಳಲ್ಲಿ ನೋಟವು ಪಕ್ಕದಿಂದ. ಉತ್ತರ ಕರ್ನಾಟಕದ ತೊಗಲುಗೊಂಬೆಯಾಟವನ್ನು ಕಂಡವರಿಗೆ ಇದನ್ನು ವಿವರಿಸುವುದು ಸುಲಭ: ಗೊಂಬೆಯು ಪರದೆಯ ಮೇಲೆ ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಚಲಿಸುತ್ತದೆ, ಪರದೆಯ ಒಳಗೆ ನಡೆದುಹೋಗುವುದಿಲ್ಲ. ಇಲ್ಲಿ ಅಂತಹ ಎರಡು ಮೂರು ಪರದೆಗಳನ್ನು ಒಂದರ ಹಿಂದೆ ಒಂದು ಇಟ್ಟಂತಿದ್ದು, ಗೊತ್ತುಪಡಿಸಿದ ಜಾಗಗಳಲ್ಲಿ ಮಾತ್ರ ನಾಯಕನು ಮುಂದಿನ ಪದರದಿಂದ ಹಿಂದಿನ ಪದರಕ್ಕೆ ದಾಟಬಹುದು. ಈ ವ್ಯವಸ್ಥೆಗೆ ‘ಎರಡೂವರೆ ಆಯಾಮ’ ಎಂಬ ಹೆಸರಿದೆ. 1989ರಲ್ಲಿ ಜೋರ್ಡನ್ ಮೆಕ್ನರ್ ರಚಿಸಿದ ‘ಪ್ರಿನ್ಸ್ ಆಫ್ ಪರ್ಷಿಯಾ’ ಇಂತಹ ಪಕ್ಕನೋಟದ ಆಟಗಳ ಹಿರಿಯಣ್ಣ. ಅಸ್ಯಾಸಿನ್ಸ್ ಕ್ರೀಡ್ ಸರಣಿಯೇ ಮೂಲತಃ ಪ್ರಿನ್ಸ್ ಆಫ್ ಪರ್ಷಿಯಾದ ಒಂದು ಉಪಕಥೆಯಾಗಿ ಆರಂಭವಾದುದರಿಂದ ಇದನ್ನು ತವರಿಗೆ ಮರಳಿದಂತೆ ಎನ್ನಲೂಬಹುದು.

ಪ್ರತಿಯೊಬ್ಬ ಕಾವಲುಗಾರನ ಕಣ್ಣಿನಿಂದ ಬೀಸಣಿಗೆಯಾಕಾರದ ಬೆಳಕಿನ ಪಟ್ಟಿಯೊಂದು ಹೊರಟಿರುತ್ತದೆ. ಅದು ಅವನ ದೃಷ್ಟಿಯ ವ್ಯಾಪ್ತಿ. ಅದರೊಳಗೆ ಕಾಲಿಟ್ಟರೆ ಅವನು ಎಚ್ಚರಗೊಳ್ಳುತ್ತಾನೆ. ಓಡಿದರೆ, ಎತ್ತರದಿಂದ ಹಾರಿದರೆ, ಸದ್ದಿನ ಉಂಗುರಗಳು ಹರಡಿ ಅವನನ್ನು ಸೆಳೆಯುತ್ತವೆ. ಅರ್ಬಾಜನು ಶಿಳ್ಳೆ ಹಾಕಿ ಕಾವಲುಗಾರನನ್ನು ಬೇರೆಡೆಗೆ ಕರೆಯಬಲ್ಲನು. ಹೊಗೆಯುಂಡೆ ಎಸೆದು ಕಣ್ಣು ಮರೆಸಬಲ್ಲನು. ಬಾಗಿಲಸಂದು, ಪರದೆ, ಕಂಬಗಳ ಮರೆಯಲ್ಲಿ ನಿಲ್ಲಬಲ್ಲನು. ತಲವಾರ್ ಇದ್ದರೂ ಅದನ್ನು ನೆಚ್ಚಿ ಇಬ್ಬರು ಮೂವರ ಎದುರು ನಿಂತರೆ ಸಾವು ಖಚಿತ.

ಈ ಕಂತಿನ ಸ್ವಂತ ಕೊಡುಗೆಯೆಂದರೆ ಚಕ್ರ. ಸಿಖ್ ನಿಹಂಗರು ಪೇಟದ ಸುತ್ತ ಧರಿಸುವ, ಹರಿತವಾದ ಅಂಚಿನ ಉಕ್ಕಿನ ಬಳೆಯದು. ಆಟದಲ್ಲಿ ಅದನ್ನು ಗೋಡೆಗೆ ತಾಗಿಸಿ, ಕೋನವನ್ನು ಲೆಕ್ಕ ಹಾಕಿ, ತಿರುವಿನಾಚೆಯ ಹಗ್ಗವನ್ನು ಕತ್ತರಿಸಬಹುದು. ಕೇರಂ ಆಟದ ಮರುಪುಟದ ಹೊಡೆತವನ್ನು ಅಭ್ಯಾಸ ಮಾಡಿದವರಿಗೆ ಇದರಲ್ಲಿ ಒಂದು ಆನಂದವಿದೆ. ಇಡೀ ಆಟದಲ್ಲಿ ಸ್ಥಳಕ್ಕೂ ಕಾಲಕ್ಕೂ ನಿಜವಾಗಿ ಹೊಂದಿಕೊಂಡ ಆಟದ ಅಂಶ ಇದೊಂದೇ ಎಂದರೆ ತಪ್ಪಾಗಲಾರದು.

ಪ್ರತಿ ಹಂತದ ಕೊನೆಯಲ್ಲಿ ಅಂಕಗಳುಂಟು. ಯಾರ ಕಣ್ಣಿಗೂ ಬೀಳದೆ, ಯಾರನ್ನೂ ಕೊಲ್ಲದೆ ದಾಟಿದವನಿಗೆ ಹೆಚ್ಚು. ಹೊಡೆದಾಡಿ ದಾಟಿದವನಿಗೆ ಕಡಿಮೆ. ಗಳಿಸಿದ ಅಂಕಗಳಿಂದ ನಾಯಕನ ಬಲ ಹೆಚ್ಚುತ್ತದೆ. ಇದರಿಂದ ಒಂದು ವಿಚಿತ್ರ ಫಲ ಒದಗಿದೆ. ಬಲದ ಅಗತ್ಯವಿಲ್ಲದ ಜಾಣನಿಗೆ ಬಲ ಸಿಗುತ್ತದೆ, ತಡವರಿಸುವ ಹೊಸಬನು ತಡವರಿಸುತ್ತಲೇ ಉಳಿಯುತ್ತಾನೆ. ತರಗತಿಯಲ್ಲಿ ಮುಂದಿನ ಬೆಂಚಿನವರಿಗೆ ಮಾತ್ರ ಪಾಠ ಹೇಳುವ ಮೇಷ್ಟರ ಪದ್ಧತಿ ಇದು.

ನಿರಾಸೆಯ ಕಾರಣಗಳು

ಚಿತ್ರಕಲೆಯನ್ನು ಬಹುತೇಕ ಎಲ್ಲರೂ ಮೆಚ್ಚಿದರು. ಚೀನಾ ಕಂತಿನಲ್ಲಿ ಮಸಿ ತೊಳೆದಂತಹ ಬೂದು ಮತ್ತು ಕೆಂಪು ಬಣ್ಣಗಳಿದ್ದವು. ಇಲ್ಲಿ ಕೇಸರಿ, ನೇರಳೆ, ನವಿಲುನೀಲಿಗಳು ತುಂಬಿವೆ. ಆಕಾಶದಲ್ಲಿಯೂ ಗೋಡೆಗಳಲ್ಲಿಯೂ ಮೆಹಂದಿಯ ಮತ್ತು ಜವಳಿಯ ವಿನ್ಯಾಸಗಳು ಅರಳಿ ಮಾಯವಾಗುತ್ತವೆ. ಪರದೆಯನ್ನು ಎಲ್ಲಿ ನಿಲ್ಲಿಸಿದರೂ ಚೌಕಟ್ಟು ಹಾಕಿಸಿಡಬಹುದಾದ ಚಿತ್ರ ಸಿಗುತ್ತದೆ. ತೊಂದರೆ ಶುರುವಾಗುವುದು ಚಿತ್ರ ಚಲಿಸತೊಡಗಿದ ಮೇಲೆ.

ಮುಖ್ಯ ದೋಷವು ಒಂದೇ ದಾರಿಯದು. ಐದಾರು ಕಾವಲುಗಾರರನ್ನು ಗಡಿಯಾರದ ಮುಳ್ಳುಗಳಂತೆ ತಿರುಗಲು ಬಿಟ್ಟು, ಅವರ ನೋಟದ ಪಟ್ಟಿಗಳು ಎಲ್ಲಿ ಸರಿಯುತ್ತವೆಯೋ ಆ ಕ್ಷಣಕ್ಕೆ ಕಾದು ದಾಟುವುದು ಇಲ್ಲಿನ ಕೆಲಸ. ಆಟವನ್ನು ರಚಿಸಿದವರು ಯೋಚಿಸಿದ ಉತ್ತರವನ್ನೇ ಆಟಗಾರನೂ ಕಂಡುಹಿಡಿಯಬೇಕು; ಬೇರೆ ಉತ್ತರಕ್ಕೆ ಅವಕಾಶ ಬಹಳ ಕಡಿಮೆ. ತಪ್ಪಿದರೆ ಸಾಯುವುದು, ಹಿಂದಿನ ಗುರುತಿನಿಂದ ಮತ್ತೆ ಆರಂಭಿಸುವುದು. ಹತ್ತನೆಯ ಪ್ರಯತ್ನದಲ್ಲಿ ದಾಟಿದಾಗ ಬರುವ ಭಾವನೆಯು ಜಾಣತನದ ಹೆಮ್ಮೆಯಲ್ಲ, ಕಂಠಪಾಠ ಒಪ್ಪಿಸಿ ಮುಗಿಸಿದ ನಿಟ್ಟುಸಿರು. 2012ರಲ್ಲಿ ಕೆನಡಾದ ಕ್ಲೈ ಎಂಟರ್‌ಟೈನ್‌ಮೆಂಟ್ ರಚಿಸಿದ ‘ಮಾರ್ಕ್ ಆಫ್ ದ ನಿಂಜಾ’ ಕೂಡ ಪಕ್ಕನೋಟದ ಸ್ಟೆಲ್ತ್ ಆಟವೇ. ಅದರಲ್ಲಿ ದೀಪಗಳನ್ನು ಒಡೆದು ಕತ್ತಲು ಮಾಡಬಹುದು, ಕಾವಲುಗಾರರನ್ನು ಹೆದರಿಸಿ ಅವರೊಳಗೇ ಗೊಂದಲ ಹುಟ್ಟಿಸಬಹುದು, ಒಂದೇ ಕೋಣೆಯನ್ನು ನಾಲ್ಕು ಬಗೆಯಲ್ಲಿ ದಾಟಬಹುದು. ಆದುದರಿಂದ ದೋಷವು ಪಕ್ಕನೋಟದ್ದೆಂದು ಹೇಳಲಾಗದು. ಶರ್ವಿಲಕನಿಗೆ ಹುಳು ಹಾರಿಬಿಡುವ ಆಯ್ಕೆಯನ್ನು ಕೊಡದೆ, ದೀಪ ತಾನಾಗಿ ಯಾವಾಗ ಆರುತ್ತದೆಯೆಂದು ಕಾಯುತ್ತ ಕೂರಿಸಿದಂತಾಗಿದೆ.

ಎರಡನೆಯದು ಓಟದ ಹಂತಗಳು. ಆಟದ ಕೆಲವು ಭಾಗಗಳಲ್ಲಿ ಹಿಂದೆ ಎಲ್ಲವೂ ಕುಸಿಯುತ್ತಿರಲು, ಅಥವಾ ಸಮಯ ಮೀರುತ್ತಿರಲು, ನಾಯಕನು ನಿಲ್ಲದೆ ಓಡಬೇಕು. ಎಚ್ಚರದಿಂದ ಹೆಜ್ಜೆಯಿಡುವುದನ್ನು ಗಂಟೆಗಟ್ಟಲೆ ಕಲಿಸಿದ ಮೇಲೆ ಯೋಚಿಸದೆ ಓಡು ಎಂದರೆ ಕಲಿತದ್ದೆಲ್ಲ ವ್ಯರ್ಥ. ಇವು ರೋಮಾಂಚಕವೆಂದು ಮೆಚ್ಚಿದವರೂ ಇದ್ದಾರೆ. ಆದರೆ ಕಷ್ಟದ ಮಟ್ಟವು ಇದ್ದಕ್ಕಿದ್ದಂತೆ ಏರುವುದು ಹಲವರಿಗೆ ಬೇಸರ ತಂದಿತು.

ಮೂರನೆಯದಾಗಿ, ಹಿಂದಿನ ಕಂತಿಗಿಂತ ಇದರಲ್ಲಿ ಹೊಸತು ಸಾಲದು. ಚೀನಾದ ಹೆಣ್ಣುಮಗಳು ಹತ್ತಿದ ಗೋಡೆಯನ್ನೇ ಕಾಶ್ಮೀರಿ ಹೆಸರಿನ ಗಂಡಸು ಹತ್ತುತ್ತಾನೆ. ಬಣ್ಣ ಬೇರೆ, ಇಟ್ಟಿಗೆ ಅದೇ. 2016ರ ಫೆಬ್ರವರಿ 9ರಂದು, ಅಂದರೆ ನಾಲ್ಕೇ ವಾರಗಳಲ್ಲಿ, ರಷ್ಯಾದ ಕಂತೂ ಬಂದುಬಿಟ್ಟಿತು. ಒಂದು ದೇಶ, ಒಂದು ಕಾಲವನ್ನು ಅರಿಯಲು ಬೇಕಾದ ಬಿಡುವು ಆ ವೇಗದಲ್ಲಿ ಸಿಕ್ಕಿರಲಾರದು.

ಇತಿಹಾಸ ಮತ್ತು ಕಲ್ಪನೆ

ವಿದ್ಯಾರ್ಥಿಗಳು ಈ ಆಟವನ್ನು ಆಡಿದ ಮೇಲೆ ಇತಿಹಾಸವೆಂದು ನಂಬಿಬಿಡುವ ಅಪಾಯವಿರುವುದರಿಂದ ಈ ಭಾಗವನ್ನು ಸ್ವಲ್ಪ ವಿವರವಾಗಿ ಕೊಡಲಾಗಿದೆ.

ಕೊಹಿನೂರ್ ವಜ್ರವನ್ನು ರಣಜಿತ್ ಸಿಂಹನು 1813ರಲ್ಲಿ ಅಫ್ಘಾನಿಸ್ತಾನದ ಪದಚ್ಯುತ ದೊರೆ ಷಾ ಶುಜಾನಿಂದ ಪಡೆದನು. 1839ರ ಜೂನ್ 27ರಂದು ರಣಜಿತ್ ಸಿಂಹನು ತೀರಿಕೊಂಡ ಮೇಲೆ ಲಾಹೋರಿನ ಗದ್ದುಗೆಯು ರಕ್ತಸಿಕ್ತವಾಯಿತು. ಮಗ ಖರಕ್ ಸಿಂಹನು 1840ರ ನವೆಂಬರಿನಲ್ಲಿ ಸತ್ತನು. ಅವನ ಅಂತ್ಯಕ್ರಿಯೆಯಿಂದ ಮರಳುವಾಗ ಕಮಾನಿನ ಭಾಗವೊಂದು ಬಿದ್ದು ಮೊಮ್ಮಗ ನೌನಿಹಾಲ್ ಸಿಂಹನೂ ಮಡಿದನು. 1841ರಲ್ಲಿ ಗದ್ದುಗೆಯಲ್ಲಿದ್ದವನು ಶೇರ್ ಸಿಂಹ. 1843ರಲ್ಲಿ ಅವನ ಕೊಲೆಯೂ ಆಯಿತು. ಕಂಪನಿ ಸರಕಾರವು 1849ರ ಮಾರ್ಚ್ 29ರ ಲಾಹೋರ್ ಒಪ್ಪಂದದ ಮೂಲಕ ಪಂಜಾಬನ್ನು ನುಂಗಿತು. ಕೊಹಿನೂರನ್ನು ವಿಕ್ಟೋರಿಯಾ ರಾಣಿಗೆ ಒಪ್ಪಿಸಬೇಕೆಂದು ಆ ಒಪ್ಪಂದದಲ್ಲಿಯೇ ಬರೆಸಲಾಯಿತು. ಸಹಿ ಹಾಕಿದ ಮಹಾರಾಜ ದುಲೀಪ್ ಸಿಂಹನಿಗೆ ಆಗ ಹತ್ತು ವರ್ಷ. ಈ ಒಂದು ಸಂಗತಿಯಲ್ಲಿರುವ ನಾಟಕವು ಆಟದ ಮಾಂತ್ರಿಕ ಪೆಟ್ಟಿಗೆಯಲ್ಲಿಲ್ಲ. ಕಳ್ಳತನವೇ ವಸ್ತುವಾಗಿರುವ ಆಟವೊಂದು, ಹಗಲುಹೊತ್ತಿನಲ್ಲಿ ಕಾಗದದ ಮೇಲೆ ನಡೆದ ಆ ಕಳ್ಳತನವನ್ನು ಬಿಟ್ಟು ಬೇರೊಂದನ್ನು ಕಲ್ಪಿಸಿಕೊಂಡಿದೆ.

ಖಳನಾಯಕನಾಗಿ ಬರುವ ವಿಲಿಯಂ ಹೆನ್ರಿ ಸ್ಲೀಮನ್ (1788–1856) ನಿಜವಾದ ವ್ಯಕ್ತಿ. ದಾರಿಹೋಕರ ಸ್ನೇಹ ಸಂಪಾದಿಸಿ, ವಸ್ತ್ರದಿಂದ ಕೊರಳು ಬಿಗಿದು ಕೊಲ್ಲುತ್ತಿದ್ದರೆನ್ನಲಾದ ಠಗ್ಗರ ನಿರ್ಮೂಲನೆಗೆ ಹೆಸರಾದ ಅಧಿಕಾರಿ. ಅವರ ಗುಪ್ತಭಾಷೆಯ ಪದಕೋಶವನ್ನು ಒಳಗೊಂಡ ‘ರಾಮಸೀಆನಾ’ ಎಂಬ ಪುಸ್ತಕವನ್ನು 1836ರಲ್ಲಿ ಪ್ರಕಟಿಸಿದನು. ಭಾರತದ ಮೊದಲ ಡೈನೋಸಾರ್ ಪಳೆಯುಳಿಕೆಗಳನ್ನು ಜಬಲ್ಪುರದ ಬಳಿ 1828ರಲ್ಲಿ ಗುರುತಿಸಿದವನೂ ಅವನೇ. ಠಗ್ಗರು ನಿಜವಾಗಿ ಒಂದು ಪಂಥವಾಗಿದ್ದರೇ ಅಥವಾ ಬಡತನದಿಂದ ಬೀದಿಗೆ ಬಿದ್ದವರನ್ನು ಕಂಪನಿಯ ಅಧಿಕಾರಿಗಳು ಹಾಗೆ ವರ್ಣಿಸಿದರೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಇಂದಿಗೂ ವಾದವಿದೆ. ಮರೆಯಲ್ಲಿ ಕೊಲ್ಲುವವರ ಪಂಥವೊಂದನ್ನು ಬೆನ್ನಟ್ಟಿದವನನ್ನು, ಮರೆಯಲ್ಲಿ ಕೊಲ್ಲುವ ನಾಯಕನ ಎದುರು ನಿಲ್ಲಿಸಿದ್ದು ಒಳ್ಳೆಯ ಹೊಳಹು. ಆದರೆ ಕಥೆಯ ಮುಖ್ಯ ಎಳೆ ವಜ್ರ ಮತ್ತು ಪೆಟ್ಟಿಗೆಗಳದ್ದೇ ಆಗಿರುವುದರಿಂದ ಆ ಹೊಳಹು ಅಲ್ಲಿಗೇ ಆರಿದೆ. ಸ್ಲೀಮನ್ ಯಾವ ಗೋರಾ ಅಧಿಕಾರಿಯಾದರೂ ಆಗಬಹುದಿತ್ತು.

ಠಗ್ಗರ ಕಥೆಗೆ ಕನ್ನಡನಾಡಿನ ನಂಟೂ ಇದೆ. 1839ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ವಿಕ್ಟೋರಿಯಾ ರಾಣಿಯ ಆಸಕ್ತಿಯನ್ನೂ ಸೆಳೆದ ‘ಕನ್ಫೆಷನ್ಸ್ ಆಫ್ ಎ ಠಗ್’ ಕಾದಂಬರಿಯ ಕರ್ತೃ ಫಿಲಿಪ್ ಮೆಡೋಸ್ ಟೇಲರ್. ನಿಜಾಮರ ಸೇವೆಯಲ್ಲಿದ್ದ ಟೇಲರ್, ಈ ಆಟದ ಕಾಲವಾದ 1841ರಲ್ಲಿಯೇ ಇಂದಿನ ಯಾದಗಿರಿ ಜಿಲ್ಲೆಯ ಸುರಪುರಕ್ಕೆ ಬಂದು, ಮುಂದೆ ಸುಮಾರು ಒಂದು ದಶಕ ಅಲ್ಲಿನ ಆಡಳಿತವನ್ನು ನೋಡಿಕೊಂಡನು. ಅವನು ವಾಸವಾಗಿದ್ದ ‘ಟೇಲರ್ ಮಂಜಿಲ್’ ಈಗಲೂ ಸುರಪುರದ ಗುಡ್ಡದ ಮೇಲಿದೆ.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ಈಸ್ಟ್ ಇಂಡಿಯಾ ಕಂಪನಿಯ ವಿರುದ್ಧ ಮರೆಯುದ್ಧ ಎಂಬುದು ಧಾರವಾಡ-ಬೆಳಗಾವಿ ಸೀಮೆಯ ಮಕ್ಕಳಿಗೆ ಹೊಸ ವಿಷಯವಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ ಸತ್ತದ್ದು ಬಯಲಿನ ಕಾಳಗದಲ್ಲಿ. ಆದರೆ ಅದಾದ ಕೆಲವು ವರ್ಷಗಳಲ್ಲಿ ಸಂಗೊಳ್ಳಿ ರಾಯಣ್ಣನು ನಡೆಸಿದ್ದು ಬೇರೆ ಬಗೆಯ ಹೋರಾಟ: ಕಾಡಿನಲ್ಲಿ ಅಡಗಿ, ರಾತ್ರಿಯಲ್ಲಿ ಸಾಗಿ, ಸರಕಾರಿ ಕಚೇರಿಗಳನ್ನೂ ಅಲ್ಲಿದ್ದ ಭೂದಾಖಲೆಗಳನ್ನೂ ಸುಟ್ಟು, ಬೆಳಗಾಗುವಷ್ಟರಲ್ಲಿ ಕಣ್ಮರೆಯಾಗುವುದು. ಹಳ್ಳಿಗರ ಮೌನವೇ ಅವನ ಮರೆ. ಕೊನೆಗೆ ಹಿಡಿದುಕೊಟ್ಟದ್ದೂ ಒಳಗಿನವರೇ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಜನರ ನಡುವೆ ಜನರಂತೆ ಮರೆಯಾಗುವುದೆಂಬ, ಅಸ್ಯಾಸಿನ್ಸ್ ಕ್ರೀಡ್‌ನ ಮೂಲ ಕಲ್ಪನೆಗೆ ಇದಕ್ಕಿಂತ ಹತ್ತಿರದ ಭಾರತೀಯ ಉದಾಹರಣೆ ಸಿಗುವುದು ಕಷ್ಟ. ‘ಇಂಡಿಯಾ’ ಆಟದಲ್ಲಿ ಮಾತ್ರ ಆ ಜನರೇ ಇಲ್ಲ. ಅರಮನೆಗಳಿವೆ, ಕಾವಲುಗಾರರಿದ್ದಾರೆ, ನಾಯಕನಿಗೆ ಮರೆಯಾಗಿ ನಿಲ್ಲುವ ಸಂತೆಯಿಲ್ಲ. ಸರಣಿಯ ಅಭಿಮಾನಿಗಳಿಗೆ ಆದ ನಿರಾಸೆಯ ಬೇರು ಇಲ್ಲಿದೆ.

ಭಾರತದ ಇತರ ಚಿತ್ರಣಗಳು

ಸ್ಟೆಲ್ತ್ ಆಟಗಳಲ್ಲಿ ಅಮೃತಸರ ಬಂದದ್ದು ಇದೇ ಮೊದಲಲ್ಲ. 2002ರ ‘ಹಿಟ್‌ಮ್ಯಾನ್ 2: ಸೈಲೆಂಟ್ ಅಸ್ಯಾಸಿನ್’ ಆಟದಲ್ಲಿ ಸ್ವರ್ಣಮಂದಿರವನ್ನು ಹೋಲುವ ಸ್ಥಳದಲ್ಲಿ ಸಿಖ್ಖರನ್ನು ಕೊಲ್ಲುವ ದೃಶ್ಯವಿದ್ದುದು ತೀವ್ರ ಪ್ರತಿಭಟನೆಗೆ ಕಾರಣವಾಗಿ, ಆ ಅಂಶಗಳನ್ನು ತೆಗೆದುಹಾಕಿದ ಪರಿಷ್ಕೃತ ಆವೃತ್ತಿಯನ್ನು ಹೊರತರಬೇಕಾಯಿತು. ಅದಕ್ಕೆ ಹೋಲಿಸಿದರೆ ‘ಇಂಡಿಯಾ’ ಯಾರ ಮನಸ್ಸನ್ನೂ ನೋಯಿಸದ ಎಚ್ಚರವನ್ನು ವಹಿಸಿದೆ. 2018ರ ‘ಹಿಟ್‌ಮ್ಯಾನ್ 2’ ಮುಂಬಯಿಯ ಗಲ್ಲಿಗಳನ್ನು ಜನಸಂದಣಿಯ ಸಮೇತ ಚಿತ್ರಿಸಿ, ಕ್ರಾನಿಕಲ್ಸ್‌ನಲ್ಲಿ ಸಿಗದಿದ್ದುದನ್ನು ಒದಗಿಸಿತು.

ಕನ್ನಡಿಗರಿಗೆ ಹೆಚ್ಚು ಕುತೂಹಲದ ಸಂಗತಿಯೆಂದರೆ 2017ರ ಆಗಸ್ಟ್ 22ರಂದು ಬಂದ ‘ಅನ್‌ಚಾರ್ಟೆಡ್: ದ ಲಾಸ್ಟ್ ಲೆಗಸಿ’. ಅಮೆರಿಕದ ನಾಟಿ ಡಾಗ್ ಸಂಸ್ಥೆಯ ಈ ಸಾಹಸದ ಆಟವು ಪಶ್ಚಿಮ ಘಟ್ಟಗಳಲ್ಲಿ ನಡೆಯುತ್ತದೆ. ಹೊಯ್ಸಳರು, ಹಳೇಬೀಡು, ಬೇಲೂರು ಎಂಬ ಹೆಸರುಗಳು ಅದರಲ್ಲಿ ನೇರವಾಗಿ ಬರುತ್ತವೆ. ಹಳೇಬೀಡನ್ನು ದಟ್ಟ ಕಾಡಿನೊಳಗಿನ ಕಳೆದುಹೋದ ನಗರವೆಂಬಂತೆ ತೋರಿಸಿರುವುದು, ಹಾಸನದಿಂದ ಬಸ್ಸಿನಲ್ಲಿ ಹೋಗಿ ಬಂದವರಿಗೆ ನಗು ತರಿಸಬಹುದು. ಆದರೂ ಕಲ್ಲಿನ ಕೆತ್ತನೆಯನ್ನು ನಿಧಾನವಾಗಿ ನೋಡಲು ಆಟಗಾರನಿಗೆ ಬಿಡುವು ಕೊಟ್ಟ ಆಟ ಅದು. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಸಂಸ್ಥೆಯು 2020ರಲ್ಲಿ ಹೊರತಂದ ‘ರಾಜಿ: ಆ್ಯನ್ ಏನ್ಷಂಟ್ ಎಪಿಕ್’ ಭಾರತೀಯರೇ ರಚಿಸಿದ ಕೃತಿ; ನೆರಳುಗೊಂಬೆಗಳ ಮೂಲಕ ಕಥೆ ಹೇಳುವ ಅದರ ಭಾಗಗಳು ಗಮನಾರ್ಹವಾಗಿವೆ.

ನಂತರದ ಬೆಳವಣಿಗೆಗಳು

ಮೂರೂ ಕ್ರಾನಿಕಲ್ಸ್ ಆಟಗಳ ಒಟ್ಟು ಸಂಪುಟವೂ ಹೊರಬಂದಿತು; 2016ರ ಏಪ್ರಿಲ್‌ನಲ್ಲಿ ಕೈಯಲ್ಲಿ ಹಿಡಿದು ಆಡುವ ಪ್ಲೇಸ್ಟೇಷನ್ ವೀಟಾ ಸಾಧನಕ್ಕೂ ಅದು ಬಂದಿತು. ಆ ಚಿಕ್ಕ ಪರದೆಯಲ್ಲಿ ಆಟದ ಕಿರಿದಾದ ವ್ಯಾಪ್ತಿಯು ಅಷ್ಟಾಗಿ ಬಾಧಿಸುವುದಿಲ್ಲ. ಕ್ರಾನಿಕಲ್ಸ್ ಉಪಸರಣಿಯು ಈ ಮೂರರ ನಂತರ ಮುಂದುವರಿಯಲಿಲ್ಲ. 2016ರಲ್ಲಿ ಮುಖ್ಯ ಸರಣಿಗೂ ಒಂದು ವರ್ಷದ ಬಿಡುವು ಕೊಡಲಾಯಿತು; 2017ರ ಅಕ್ಟೋಬರಿನಲ್ಲಿ ಅದು ಪ್ರಾಚೀನ ಈಜಿಪ್ಟಿನ ಕಥೆಯೊಂದಿಗೆ ಮರಳಿತು. ಅನಂತರ ಗ್ರೀಸ್, ವೈಕಿಂಗರ ಕಾಲದ ಇಂಗ್ಲೆಂಡ್, ಬಾಗ್ದಾದ್, ಜಪಾನ್ ದೇಶಗಳು ಬಂದಿವೆ.

ಅರ್ಬಾಜ್ ಮತ್ತು ಪ್ಯಾರಾ ಕೌರರ ಮಗ ಜಯದೀಪ್ ಮೀರ್, 1868ರ ಲಂಡನ್ನಿನಲ್ಲಿ ನಡೆಯುವ ‘ಸಿಂಡಿಕೇಟ್’ ಕಂತಿನಲ್ಲಿ ಹೆನ್ರಿ ಗ್ರೀನ್ ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತಾನೆ. ಅಲ್ಲಿ 2015ರಲ್ಲಿಯೇ, ಅಂದರೆ ತಂದೆಯ ಆಟಕ್ಕಿಂತ ಮೂರು ತಿಂಗಳು ಮೊದಲೇ, ಆಟಗಾರರು ಅವನನ್ನು ಭೇಟಿಯಾಗಿದ್ದರು. ಕೊಲ್ಲಲು ಮನಸ್ಸು ಬಾರದ, ಪುಸ್ತಕಪ್ರೇಮಿಯಾದ ಆ ಯುವಕನು ಲಂಡನ್ನಿನಲ್ಲಿ ಒಂದು ವಿಚಿತ್ರ ವಸ್ತುಗಳ ಅಂಗಡಿಯನ್ನು ಇಟ್ಟುಕೊಂಡಿರುತ್ತಾನೆ.